ಮಠದ ಗಲ್ಲಿಯ ಗಟಾರ

ಮೂರನೇ ಗುಂಡಿಯಲ್ಲೂ ಗಟಾರ ಸಿಗಲಿಲ್ಲ.

ಇಂಜಿನಿಯರ್ ಸ್ವಪ್ನಾಲಿ ನಕಾಶೆಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. ಸೋನಕೇರಿ ನಗರ ಪಂಚಾಯತಿಯೇ ಕೊಟ್ಟ ನಕಾಶೆ, ಮೂಲೆಯಲ್ಲಿ ದುಂಡನೆಯ ಮೊಹರು. ಮಠದ ಗಲ್ಲಿಯ ಕೆಳಗೆ ಎಂಟು ವರ್ಷದ ಹಿಂದೆಯೇ ಗಟಾರದ ಪೈಪು ಹಾಕಿಯಾಗಿದೆ ಎಂದು ಕೆಂಪು ಗೆರೆ ಹೇಳುತ್ತಿತ್ತು. ನೆಲ ಹೇಳುತ್ತಿದ್ದುದೇ ಬೇರೆ. ಮೇಲೆ ಕರಿಮಣ್ಣು, ಕೆಳಗೆ ಮುರುಮು ಕಲ್ಲುಮಣ್ಣು, ಅದರ ಕೆಳಗೆ ಹುಟ್ಟಿದಾಗಿನಿಂದ ಯಾರೂ ಮುಟ್ಟದ ಬಂಡೆ.

ಆ ಗೆರೆಯನ್ನು ನಂಬಿಯೇ ಅವಳು 'ಶಿವಸೃಷ್ಟಿ' ಅಪಾರ್ಟ್‌ಮೆಂಟಿನ ಇಪ್ಪತ್ನಾಲ್ಕು ಮನೆಗಳಿಗೆ ನೀರು, ಗಟಾರದ ಯೋಜನೆ ಬರೆದಿದ್ದಳು. ಸೆಪ್ಟಿಕ್ ಟ್ಯಾಂಕಿಗೆ ಜಾಗ ಬಿಟ್ಟಿರಲಿಲ್ಲ. "ಊರ ಗಟಾರ ಬಾಗಿಲಿಗೇ ಅದ, ಮತ್ತ ಟಾಕಿ ಯಾಕ ತಂಗಿ?" ಎಂದು ಮಾಲೀಕ ನೀಲಕಂಠ ಆ ಜಾಗದಲ್ಲಿ ಆರು ಅಂಗಡಿ ಎಬ್ಬಿಸಿದ್ದ. ಈಗ ಹೊಲಸು ಹೋಗುವುದೆಲ್ಲಿಗೆ? ಅದಕ್ಕೆ ದಾರಿ ಸಿಗದಿದ್ದರೆ ಮೊದಲು ಹೋಗುವುದು ಅವಳ ಲೈಸೆನ್ಸು. ಮಗಳ ಶಾಲೆ, ಅತ್ತೆಯ ಔಷಧ, ಮನೆಯ ಒಲೆ ಎಲ್ಲವೂ ಆ ಒಂದು ಲೈಸೆನ್ಸಿನ ಮೇಲೆ ನಿಂತಿದ್ದವು.

ನೀಲಕಂಠ ಮಾತ್ರ ಎದೆಗುಂದಲಿಲ್ಲ. ಮಣ್ಣಿನ ಗುಡ್ಡೆ ಹತ್ತಿ ನಿಂತ.

"ನೋಡ್ರಪ್ಪೋ! ರಸ್ತಾ ನುಂಗಿದ್ದು ನೋಡೀವಿ, ಬಾವಿ ನುಂಗಿದ್ದು ನೋಡೀವಿ. ಈ ಮಕ್ಕಳು ಗಟಾರನೂ ಬಿಟ್ಟಿಲ್ಲ!"

ಪಕ್ಕದ ಉಮರ್ಗಾ ಪಟ್ಟಣದ ಪತ್ರಕರ್ತ ಮೊದಲ ಗುಂಡಿಗೆ ಗುದ್ದಲಿ ಬೀಳುವ ಮುಂಚೆಯೇ ಬಂದು ಎರಡು ಸಲ ಚಹಾ ಕುಡಿದಿದ್ದ. ಎರಡನೇ ಗುಂಡಿ ಅರ್ಧವಾಗುವಷ್ಟರಲ್ಲಿ ಬ್ಯಾನರ್ ಬಂದಿತ್ತು: 'ನಮ್ಮ ಗಟಾರ ಎಲ್ಲಿ?' ಅದರಲ್ಲಿ ಕೈಮುಗಿದು ನಿಂತ ನೀಲಕಂಠನ ಆಳೆತ್ತರದ ಫೋಟೊ.

ಕಾಯಿಪಲ್ಲೆ ಮಾರುವ ಗುಂಡಮ್ಮ ಬುಟ್ಟಿ ಇಳಿಸಿ ಕೇಳಿದಳು. "ಎಪ್ಪಾ ನೀಲಕಂಠ, ಎಂಟು ವರ್ಷ ಇಲ್ಲದ ನೆಪ್ಪು ಈಗ್ಯಾಕ ಆಯ್ತೋ?"

"ಈಗ ಕೆಲಸ ಬಿತ್ತಲ್ಲ ಯವ್ವಾ," ಎಂದ ನೀಲಕಂಠ.

ಅವತ್ತೇ ಅವನು ನಗರ ಪಂಚಾಯತಿ ಕಚೇರಿಯ ಮುಂದೆ ಉಪವಾಸ ಕೂತ. "ಜೀವಾ ಬಿಡ್ತೀನಿ, ಗಟಾರ ಬಿಡಂಗಿಲ್ಲ." ಸ್ವಪ್ನಾಲಿಯ ಕಣ್ಣು ತೇವವಾಯಿತು. ಬೇರೆ ಮಾಲೀಕನಾಗಿದ್ದರೆ ತಪ್ಪೆಲ್ಲ ಇಂಜಿನಿಯರದೇ ಎಂದು ಕೈ ತೊಳೆದುಕೊಳ್ಳುತ್ತಿದ್ದ.

ಅವಳು ಗುಮಾಸ್ತ ಚಿದಂಬರಯ್ಯನ ಮೇಜಿನ ಮುಂದೆ ನಿಂತಳು. "ಅಯ್ಯನೋರ, ಪೈಪ್ ಇಲ್ಲಂತ ಒಂದು ಕಾಗದಾ ಬರ್ದು ಕೊಡ್ರಿ."

"ಇಲ್ಲಂತ ಹ್ಯಾಂಗ ಬರಿಲಿ ಮ್ಯಾಡಂ? ಅಳತಿ ನೋಡಿ ಸಹಿ ಮಾಡಿದ ನಾಕು ಮಂದಿ ಮನಿಗೆ ಹೋಗ್ತಾರ. ಪೈಪ್ ಅದರೀ. ಬರೇ ಸಿಗವಲ್ದು."

ಮೂರನೇ ದಿನ ಕಚೇರಿ ಮಣಿಯಿತು. ಹೊಸ ಗಟಾರ ಎಂದರೆ ಹಳೆಯದು ಇರಲಿಲ್ಲ ಎಂದು ಒಪ್ಪಿದಂತೆ. ಆದ್ದರಿಂದ 'ಹಳೆಯ ಗಟಾರದ ತುರ್ತು ದುರಸ್ತಿ' ಮಂಜೂರಾಯಿತು. ಇಲ್ಲದ್ದನ್ನು ದುರಸ್ತಿ ಮಾಡಲು ಒಂದು ಮಜೂರರ ಸಂಘವೂ ಸಿಕ್ಕಿತು. ಹಿಂದೆ ಸಹಿ ಹಾಕಿ ಕೈ ಸುಟ್ಟುಕೊಂಡ ನಾಲ್ವರು ಮತ್ತೆ ಸಹಿ ಹಾಕಲು ಒಲ್ಲೆವೆಂದರು. ಕೆಲಸ ಪರಿಶೀಲಿಸುವ ಹೊಣೆ ಹೊರಗಿನ ಇಂಜಿನಿಯರ್ ಆದ ಸ್ವಪ್ನಾಲಿಗೆ ಬಂತು. ನೀಲಕಂಠನ ಹೆಂಡತಿ ಅಂಜನಾಬಾಯಿ ಮೋಸಂಬಿ ರಸ ಕುಡಿಸಿ ಗಂಡನ ಉಪವಾಸ ಬಿಡಿಸಿದಳು. ಡೊಳ್ಳು ಬಾರಿಸಿದರು.

ಟ್ರ್ಯಾಕ್ಟರಿನಲ್ಲಿ ಪೈಪು ಬಂದಿಳಿದದ್ದನ್ನು ಸ್ವಪ್ನಾಲಿ ಕಣ್ಣಾರೆ ನೋಡಿದಳು. ಎರಡು ದಿನ ಬಿಟ್ಟು ಹೋದಾಗ ಪೈಪಿಗಾಗಿ ತೋಡಿದ ಕಾಲುವೆ ಮುಚ್ಚಿ, ಮೇಲೆ ಮಣ್ಣು ಬಡಿದು ಸಪಾಟು ಮಾಡಿಯಾಗಿತ್ತು.

"ನಾಳಿ ಸಂತಿ ಅದ ತಂಗಿ. ದನಾ ಬಿದ್ದು ಕಾಲ ಮುರಕೊಂಡ್ರ ಪಾಪ ಯಾರಿಗೆ? ನಾನೇ ಮುಂದ ನಿಂತು ಮುಚ್ಚಿಸೀನಿ," ಎಂದ ನೀಲಕಂಠ. ಗಲ್ಲಿಯ ಎರಡೂ ತುದಿಗೆ ಕಟ್ಟಿಸಿದ ಚೇಂಬರ್ ಗುಂಡಿಯ ಮುಚ್ಚಳವನ್ನು ತಾನೇ ಎತ್ತಿ ತೋರಿಸಿದ. ಎರಡರಲ್ಲೂ ಹೊಸ ಪೈಪಿನ ಬಾಯಿ ಇಣುಕುತ್ತಿತ್ತು.

ಈ ತುದಿಗೆ ನೀರು ಸುರಿದು ಆ ತುದಿಯಲ್ಲಿ ನೋಡಬೇಕು. ಅದು ನಿಯಮ. ಆದರೆ ನೀರಿನ ಟ್ಯಾಂಕರ್ ನಾಳೆ ಬರುವುದಂತೆ. ಮಗಳ ಶಾಲೆ ಬಿಡುವ ಹೊತ್ತು ಬೇರೆ. ಗಟಾರಕ್ಕಾಗಿ ಮೂರು ದಿನ ಅನ್ನ ಬಿಟ್ಟವನ ಮುಂದೆ ಕೊಡ ಹಿಡಿದು ನಿಲ್ಲಲು ಅವಳಿಗೇ ನಾಚಿಕೆಯಾಯಿತು. 'ಸ್ಥಳ ಪರಿಶೀಲಿಸಿದೆ. ಕೆಲಸ ಪೂರ್ಣವಾಗಿದೆ,' ಎಂದು ಬರೆದು ಸಹಿ ಹಾಕಿದಳು.

ಅಪಾರ್ಟ್‌ಮೆಂಟಿಗೆ ವಾಸಯೋಗ್ಯ ಪ್ರಮಾಣಪತ್ರ ಬಂತು. ಇಪ್ಪತ್ನಾಲ್ಕು ಸಂಸಾರಗಳಿಗೆ ತೆಂಗಿನಕಾಯಿ ಕೊಟ್ಟು ಕೀಲಿ ಕೊಟ್ಟರು. ಸೋಮವಾರ ಎಲ್ಲರದೂ ಹಾಲುಕ್ಕಿಸುವುದೆಂದು ನಿಶ್ಚಯವಾಯಿತು.

ಶನಿವಾರ ಸ್ವಪ್ನಾಲಿ ಪರಿಶೀಲನಾ ವರದಿಯ ತನ್ನ ಪ್ರತಿ ಒಯ್ಯಲು ಕಚೇರಿಗೆ ಹೋದಳು. ಚಿದಂಬರಯ್ಯ ಹಳೆಯ ಫೈಲು, ಹೊಸ ಫೈಲು ಎರಡನ್ನೂ ಒಂದೇ ದಾರದಲ್ಲಿ ಕಟ್ಟಿದ್ದ. ಹಳೆಯದರಲ್ಲಿ ಗಟಾರ ಹಾಕಿದವರ ಹೆಸರಿತ್ತು: ಮಹಿಳಾ ಮಜೂರರ ಸಂಘ, ಅಧ್ಯಕ್ಷೆ ಅಂಜನಾಬಾಯಿ ನೀಲಕಂಠ. ಅವಳು ಹೊಸದನ್ನು ತೆರೆದಳು. ಅದೇ ಸಂಘ. ಅದೇ ಅಧ್ಯಕ್ಷೆ.

"ಅಯ್ಯನೋರ, ಆವತ್ತು ಇಳಿಸಿದ ಪೈಪ್..."

"ಮರುದಿನಾನೇ ಟ್ರ್ಯಾಕ್ಟರ್ ಹತ್ತಿ ನಿಲಂಗಾ ಊರ ಕಡಿ ಹೋದ್ವಲ್ರೀ. ಚೇಂಬರಿಗೊಂದೊಂದು ತುಂಡು ಉಳಿಸ್ಯಾರ."

"ಹಂಗಾದ್ರ ಆ ನೆಲದಾಗ ಏನದರೀ?"

ಚಿದಂಬರಯ್ಯ ದಾರ ಬಿಗಿದು ಗಂಟು ಹಾಕಿದ.

"ನಿಮ್ಮ ಸಹಿ ಅದಲ್ರೀ ಮ್ಯಾಡಂ."