ಹುತ್ತಕ್ಕೆ ಹೋಗದ ಹಾಲು

ನೆನೆಸಿದ ಹತ್ತಿಕಾಳಿನ ವಾಸನೆಗೆ ಆದೋನಿಯ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಎಳೆಗೂಸು ತಮ್ಮ ತೀರಿಕೊಂಡು ಮೂರು ದಿನವಾಗಿತ್ತು. ಎಮ್ಮೆಗೆ ಹತ್ತಿಕಾಳು ರುಬ್ಬುತ್ತಿದ್ದ ಅವ್ವನ ಕುಪ್ಪಸ ಎದೆಹಾಲಿಗೆ ಒದ್ದೆಯಾಗಿತ್ತು.

“ಎದಿಹಾಲು ಹಿಂಡಿ ಹುತ್ತಕ್ಕ ಎರಿ. ತುಳಿಯೋ ಕಡೆ ಬೀಳಬಾರದು,” ಎಂದಳು ಅಜ್ಜಿ.

ಅಷ್ಟರಲ್ಲಿ ಪಕ್ಕದ ಮನೆಯ ಹಸೀನಾಬಿ, ತಾಯಿಯಿಲ್ಲದ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಕೂಸಿಗೆ ಅಳಲೂ ತ್ರಾಣವಿರಲಿಲ್ಲ.

“ಎಮ್ಮಿ ಹಾಲು ದಕ್ಕವಲ್ದು, ಬೇಟೀ.”

ಅವ್ವ ಕೈತೊಳೆದು ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. “ಹಾಲನ್ನರ ಉಳಿಸಿದಿಯಲ್ಲಪ್ಪಾ, ಶಿವನೇ.”

ನನಗೆ ಸಿಟ್ಟು ಬಂತು. “ಕೂಸು ಒಯ್ದು ಹಾಲು ಬಿಟ್ಟಾನ. ಇದೆಂಥಾ ವ್ಯಾಪಾರವ್ವ?”

“ಸುಮ್ನಿರು, ಸಾವ್ಕಾರ್ತಿ,” ಎಂದು ಕೂಸನ್ನು ತೊಡೆಗೆ ಹಾಕಿಕೊಂಡಳು.

ಈಗ ವ್ಯಾಪಾರಕ್ಕಿಳಿದು, ಸರಕು ನೋಡದೆ ಕೈಹಾಕಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಅಂದು ಆ ಕೂಸು ಕುಡಿಯುವಷ್ಟು ಹೊತ್ತೂ ಅವ್ವ ಅದರ ಮುಖ ನೋಡಲಿಲ್ಲ. ಕೈ ಮಾತ್ರ ಬೆನ್ನು ತಟ್ಟುತ್ತಲೇ ಇತ್ತು.