ಕಿವಿಯ ಹಿಂದಿನ ಸದ್ದು

ಓಲೆಯ ತಿರುಪು ಜಪ್ಪಯ್ಯ ಅಂದರೂ ಬರಲೊಲ್ಲದು. ಹೆಂಡತಿಯ ಕಿವಿಗೆ ಮುಖವಿಟ್ಟು ತಿಣುಕಾಡುತ್ತಿದ್ದ ಮೇಷ್ಟ್ರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು.

"ಇದೇನೇ, ನಿನ್ನ ತಲೆಯೊಳಗೆ ಜುಂಯ್ ಜುಂಯ್ ಅಂತಿದೆ?"

"ಅದಾ? ರಕ್ತ ಓಡೋ ಸದ್ದು. ಎಲ್ಲರಿಗೂ ಇರುತ್ತಲ್ಲ."

"ಇಲ್ಲ ಕಣೇ, ಎಲ್ಲರಿಗೂ ಇರಲ್ಲ."

ಅವಳು ನಂಬಲಿಲ್ಲ. ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ಕಿವಿಗೊಟ್ಟಳು. ತನ್ನ ಸದ್ದು ಬಿಟ್ಟರೆ ಇನ್ನೊಂದು ಸದ್ದು ಕೇಳಲೇ ಇಲ್ಲ. "ನಿಮ್ಮ ತಲೆ ಖಾಲಿ, ಮೇಷ್ಟ್ರೇ!" ಎಂದು ನಕ್ಕಳು. ಇಬ್ಬರಿಗೂ ಐವತ್ತು ದಾಟಿದ ಮೇಲೆ ಕೂಡಿಬಂದ ಮದುವೆ. ಅಲ್ಲಿಯವರೆಗೆ ಅವಳ ಕಿವಿಯ ಇಷ್ಟು ಹತ್ತಿರ ಬಂದವರೇ ಇರಲಿಲ್ಲ. ಹಗಲೆಲ್ಲ ಹೊಲಿಗೆ ಯಂತ್ರದ ಗದ್ದಲ, ಅದು ನಿಂತರೆ ಈ ಸದ್ದು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. "ಇದು ಮಿದುಳಿಗೆ ರಕ್ತ ತರೋ ನಾಳ, ಇದು ವಾಪಸ್ ಒಯ್ಯೋದು. ನಡುವೆ ಇರಬೇಕಾದ ಸಣ್ಣ ಕವಲುಗಳೇ ಇಲ್ಲ, ಎರಡೂ ನೇರ ಕೂಡಿಬಿಟ್ಟಿವೆ. ಆ ರಭಸವೇ ನಿಮಗೆ ಕೇಳಿಸ್ತಿರೋದು. ಹೀಗೇ ಬಿಟ್ರೆ ಯಾವಾಗಲಾದ್ರೂ ಒಡೆಯಬಹುದು."

ಮೇಷ್ಟ್ರ ಮುಖ ಕಪ್ಪಿಟ್ಟಿತು. ಅವಳು ಮಾತ್ರ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. "ತಲೆ ಕೊಯ್ತೀರಾ?"

"ಇಲ್ಲಮ್ಮ. ತೊಡೆಯ ಹತ್ತಿರ ಸಣ್ಣ ತೂತು ಮಾಡಿ, ನಾಳದೊಳಗಿಂದಲೇ ನೂಲಿನಂಥ ಕೊಳವೆ ಕಳಿಸಿ, ಆ ಜಾಗಕ್ಕೆ ಅಂಟು ತುಂಬಿ ಮುಚ್ತೀವಿ."

"ಅಷ್ಟು ದೂರದಿಂದ? ದಾರಿ ತಪ್ಪಿದ್ರೆ?"

"ಮಾತು ಹೋಗಬಹುದು, ಕೈಕಾಲು ಬೀಳಬಹುದು. ಅಪರೂಪ, ಆದ್ರೆ ಇಲ್ಲವೇ ಇಲ್ಲ ಅನ್ನಲ್ಲ. ಅದಕ್ಕೇ ಪರದೆ ನೋಡ್ಕೊಂಡೇ ಮುಂದೆ ಹೋಗೋದು."

"ನನಗೂ ತೋರಿಸ್ತೀರಾ?"

"ನಿಮಗೆ ಮತ್ತು ಬರಿಸಿರ್ತೀವಲ್ಲಮ್ಮ."

"ನನ್ನ ತಲೆಯೊಳಗೆ ಊರೆಲ್ಲ ಇಣುಕುತ್ತೆ, ನನಗೊಬ್ಬಳಿಗೇ ಇಲ್ಲ!" ಅವಳಿಗೆ ಅದೇ ದೊಡ್ಡ ಬೇಸರವಾಯಿತು. ಆದರೆ ಅವಳನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಮೇಷ್ಟ್ರ ಬೆರಳನ್ನು ಅವಳ ಮುಷ್ಟಿಯಿಂದ ಬಿಡಿಸಲು ನರ್ಸಿಗೆ ಸಾಕುಸಾಕಾಯಿತು.

ಎಚ್ಚರವಾದಾಗ ಅವಳ ಜೀವ ಬಾಯಿಗೆ ಬಂತು. ಏನೋ ನಿಂತುಹೋಗಿದೆ! ಬೆರಳು ಆಡಿಸಿದಳು, ಆಡಿದವು. "ಮೇಷ್ಟ್ರೇ" ಎಂದಳು, ಮಾತು ಬಂತು. ಪಕ್ಕದ ಕೋಣೆಯಲ್ಲಿ ಯಾರೋ ಚಮಚ ಕೆಳಗಿಟ್ಟರು. ಅದರ ಆಚೆ ಯಾವ ಸದ್ದೂ ಇರಲಿಲ್ಲ.

"ಹೋಯ್ತಾ?" ಮೇಷ್ಟ್ರು ಹಾಸಿಗೆಯತ್ತ ಬಗ್ಗಿ ಕೇಳಿದರು.

"ಹೋಯ್ತು."

ಅವರು ಕಣ್ಣೊರೆಸಿಕೊಂಡು ನಕ್ಕರು. ಅವಳು ನಗಲಿಲ್ಲ. ಸಾಮಾನೆಲ್ಲ ಸಾಗಿಸಿದ ಮನೆಯ ನಡುವೆ ನಿಂತವಳಂತೆ ಕಿವಿಗೊಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು:

"ನೀವೆಲ್ಲ ಒಳಗೆ ಯಾವಾಗಲೂ ಹೀಗೆ ಒಬ್ಬೊಬ್ಬರೇ ಇರ್ತೀರಾ?"