ಹದಿನೇಳು ಅಕ್ಷರ ಮುಗಿಸಲು ಬಂದವಳು

ದಾವಣಗೆರೆಯ ಒಂದು ಬಡಾವಣೆಯ ಗ್ರಂಥಾಲಯ. ಭಾನುವಾರದ ಹೈಕು ಸ್ಪರ್ಧೆ...

ಹೈಕು ಅಂದರೆ ಮೂರೇ ಸಾಲಿನ ಪುಟ್ಟ ಕವನ. ಮೊದಲ ಸಾಲಿಗೆ ಐದು ಅಕ್ಷರ, ಎರಡನೆಯದಕ್ಕೆ ಏಳು, ಮೂರನೆಯದಕ್ಕೆ ಮತ್ತೆ ಐದು. ಒಂದು ಹೆಚ್ಚಾದರೂ ಔಟ್!

ತೀರ್ಪುಗಾರರು ನಿವೃತ್ತ ಮೇಷ್ಟ್ರು ಪರಮೇಶ್ವರಪ್ಪನವರು. ಅವರು ಕಾಗದ ನೋಡುವುದಿಲ್ಲ... ಕವಿ ಓದುತ್ತಿದ್ದಂತೆ ಬೆರಳು ಮಡಚಿ ಎಣಿಸುತ್ತಾರೆ. ಲೆಕ್ಕ ತಪ್ಪಿದರೆ ಒಂದು ಜೋಕ್ ಗ್ಯಾರಂಟಿ. ಅರ್ಧ ಜನ ಬರುವುದೇ ಆ ಜೋಕಿಗೆ.

ಆ ದಿನ ವಿನೋದಾ ಎಂಬ ಗೃಹಿಣಿ ಮೈಕಿನ ಮುಂದೆ ನಿಂತರು. ಕೈಯಲ್ಲಿ ಕವನ ಬರೆದ ಚೀಟಿ.

"ತ... ತ... ತಂತಿಯ ಮೇ... ಮೇ... ಮೇಲೆ..."

ಮೇಷ್ಟ್ರ ಬೆರಳು ಒಂಬತ್ತಕ್ಕೆ ಬಂದು ನಿಂತಿತು.

"ಏನಮ್ಮಾ, ಐದು ಇರ್ಬೇಕಾದ ಕಡೆ ಒಂಬತ್ತಾತಲ್ಲ! ಇದು ಹೈಕು ಅಲ್ಲ ಬಿಡ್ರಿ, ಗೂಡ್ಸ್ ರೈಲು!"

ಸಭೆಯೆಲ್ಲ ಘೊಳ್ಳೆಂದು ನಕ್ಕಿತು.

ಆಕೆಗೆ ಉಗ್ಗು ಇದೆಯೆಂದು ಮೇಷ್ಟ್ರಿಗೆ ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು... ಆದರೆ ನಾಲಿಗೆಗೆ ಬಂದ ಜೋಕನ್ನು ನುಂಗಿ ಅವರಿಗೆ ಅಭ್ಯಾಸವೇ ಇರಲಿಲ್ಲ.

ವಿನೋದಾ ಚೀಟಿಯನ್ನು ಅವರ ಮುಂದಿಟ್ಟರು.

ತಂತಿಯ ಮೇಲೆ
ಹಾರದೆ ಕೂತ ಹಕ್ಕಿ
ಬಾನು ಕಾದಿದೆ

ಐದು... ಏಳು... ಐದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಮೇಷ್ಟ್ರ ಮುಖ ಸಣ್ಣದಾಯಿತು.

"ದೊ... ದೊಡ್ಡ ಕವನ ಆದ್ರೆ ಅ... ಅರ್ಧಕ್ಕೇ ನಿಲ್ತದೆ ಸರ್. ಇ... ಇದು ಹದಿನೇಳೇ ಅಕ್ಷರ ಅಲ್ವಾ... ಜೀವನದಾಗೆ ಒಂದ್ಸಲ ಮೈಕ್ ಮುಂದೆ ಏ... ಏನಾದ್ರೂ ಪೂರ್ತಿ ಮುಗಿಸ್ಬೇಕು ಅಂತ ಬಂದೆ."

ನಕ್ಕವರೆಲ್ಲ ತಲೆ ತಗ್ಗಿಸಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು... ಇಡೀ ಸರ್ವಿಸ್ ತುಂಬ ಮಕ್ಕಳಿಂದ ಇದನ್ನೇ ಕಾಪಿ ಬರೆಸಿದ್ದ ಮೇಷ್ಟ್ರು ಎದ್ದು ನಿಂತು ಕೈ ಮುಗಿದರು. ಕಣ್ಣು ತುಂಬಿತ್ತು.

"ತಪ್ಪಾತಮ್ಮ... ನಿಧಾನಕ್ಕೆ ಇನ್ನೊಂದ್ಸಲ ಓದ್ರಿ. ಸಂಜೆವರೆಗೂ ಕೂತು ಕೇಳ್ತೀವಿ."

ಆಕೆ ಸಣ್ಣಗೆ ನಕ್ಕರು. ಆ ನಗುವಿನಲ್ಲಿ ಸಿಟ್ಟೇ ಇರಲಿಲ್ಲ... ಅದೇ ಮೇಷ್ಟ್ರನ್ನು ಹೆಚ್ಚು ಸುಟ್ಟಿತು.

"ಬೇ... ಬೇಡ ಸರ್. ತಂ... ತಂದಿದ್ದ ಧೈರ್ಯ ಮುಗೀತು."

ಚೀಟಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಮೊದಲ ಬಹುಮಾನ ಆ ಕವನಕ್ಕೇ ಬಂತು. ತೆಗೆದುಕೊಳ್ಳಲು ಆಕೆ ಇರಲಿಲ್ಲ... ಹೆಸರು ಕೂಗಬೇಕಾಗಿದ್ದ ಮೇಷ್ಟ್ರ ಬಾಯಿಂದ ಒಂದಕ್ಷರವೂ ಹೊರಡಲಿಲ್ಲ.

ಒಬ್ಬರು ವರ್ಷಗಟ್ಟಲೆ ಕೂಡಿಸಿಟ್ಟ ಧೈರ್ಯವನ್ನು ಕರಗಿಸಲು ನಮ್ಮ ಒಂದು ಜೋಕ್ ಸಾಕು.

ಇವತ್ತು ನೀವು ಯಾರ ಮಾತು ಮುಗಿಯುವ ಮೊದಲೇ ನಕ್ಕುಬಿಟ್ಟಿರಿ?